ದುಂಡಕ್ಕನ ಉಸಿರು

ಬುಧವಾರ, ಮಧ್ಯಾಹ್ನ ಎರಡು ಗಂಟೆ
ನಮ್ಮ ಮನೆಯ ಊಟದ ಮೇಜು

ಅಮ್ಮಾ, ಅಮ್ಮಾ, ಅಮ್ಮಾ,

ಮೂರು ಸಲ ಕರೆದಳು ಎಂದರೆ ಇವಳು ಏನೋ ಕಿತಾಪತಿ ಮಾಡಿದ್ದಾಳೆ ಎಂದು ನೀನು ಈಗಾಗಲೇ ಕನ್ನಡಕ ಸರಿಮಾಡಿಕೊಂಡಿರುತ್ತೀಯ. ತಡಿ, ಗಾಬರಿ ಬೀಳಬೇಡ. ಮೊದಲು ಸಂತೋಷದ ಸುದ್ದಿ. ಅಲ್ಲ, ಆ ಸುದ್ದಿಯಲ್ಲ! ಚಿಕ್ಕಮ್ಮನಿಗೆ ಫೋನ್ ಮಾಡಬೇಡ! ಮದುವೆಯಾಗಿ ಇವತ್ತಿಗೆ ಎಪ್ಪತ್ತೊಂದು ದಿನ, ಸ್ವಲ್ಪ ಉಸಿರಾಡಲು ಬಿಡಿ.

ಪತ್ರ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ದಿನಾ ಎರಡು ಸಲ ಫೋನ್ ಮಾಡುವವಳಿಗೆ ಇದೇನು ಹೊಸ ಷೋಕಿ ಎಂದು ಅಪ್ಪ ಕೇಳುತ್ತಾರೆ. ಮೊದಲ ಎರಡು ಪುಟ ಅವರಿಗೂ ಓದಿ ಹೇಳು. ನನ್ನ ಇಂಗ್ಲಿಷ್ ಮೀಡಿಯಂ ಕೈಬರಹ ಕಂಡು ನಗಬೇಡಿ. ತಪ್ಪಿದ್ದ ಕಡೆ ಕೆಂಪು ಪೆನ್ನಿನಲ್ಲಿ ತಿದ್ದಿ ಇಟ್ಟುಕೊಳ್ಳಿ, ಬಂದಾಗ ನೋಡುತ್ತೇನೆ. ಇನ್ನೊಂದು, ಗಂಡನನ್ನು "ಅವನು ಇವನು" ಅನ್ನುತ್ತೀಯ ಎಂದು ನೀನು ಹೋದ ವಾರ ಬೈದೆಯಲ್ಲ, ಅದಕ್ಕೆ ಈ ಪತ್ರದಲ್ಲಿ "ನಿನ್ನ ಅಳಿಯ", "ಅವರು" ಎಂದೇ ಬರೆಯುತ್ತೇನೆ. ಎಷ್ಟು ಹೊತ್ತು ನಡೆಯುತ್ತದೋ ನೋಡೋಣ.

ಮನೆ ಹೇಗಿದೆ ಎಂದು ನೀನು ಕೇಳಿದ್ದೆಯಲ್ಲ. ಮುದ್ದಾಗಿದೆ! ಎರಡು ಕೋಣೆ, ಒಂದು ಬಾಲ್ಕನಿ, ತೊಟ್ಟಿಕ್ಕುವ ಒಂದು ನಲ್ಲಿ. ನಮಗಿಂತ ಮೊದಲು ಇಲ್ಲಿ ಯಾರೋ ತಾಳೆಮರದಂಥ ಮನುಷ್ಯ ಇದ್ದನಂತೆ. ಎಲ್ಲವನ್ನೂ ತನ್ನ ಎತ್ತರಕ್ಕೇ ಹೊಡೆದು ಹೋಗಿದ್ದಾನೆ: ಬಟ್ಟೆಯ ಮೊಳೆ, ಅಡುಗೆಮನೆಯ ಷೆಲ್ಫು, ಬಚ್ಚಲಿನ ಕನ್ನಡಿ. ಬಚ್ಚಲಿನಲ್ಲಿ ಬೇಸಿನ್ನಿನ ಸುತ್ತ ಅಗಲವಾದ ಕಲ್ಲು ಹಾಸಿದ್ದಾರೆ, ಕನ್ನಡಿ ಅದರ ಆಚೆ ಮೇಲೆಲ್ಲೋ ಇದೆ. ನನಗೆ ಅದರಲ್ಲಿ ಕಾಣುವುದು ನನ್ನ ಬೈತಲೆ ಮಾತ್ರ. ಕೈ ಚಾಚಿದರೆ ಕೆಳಗಿನ ಅಂಚು ಬೆರಳಿಗೆ ತಾಗುತ್ತದೆ, ಅಷ್ಟೇ. ನಿನ್ನ ಅಳಿಯ ಆರಡಿಯ ಮೇಲೆ ಮೂರಂಗುಲ, ಗಡ್ಡ ಬೋಳಿಸಲು ಅವರಿಗೆ ಹೇಳಿ ಮಾಡಿಸಿದ ಹಾಗಿದೆ. ಟೈಲ್ಸಿಗೆ ಹೊಸ ಮೊಳೆ ಹೊಡೆಯಲು ಮನೆಯ ಯಜಮಾನರು ಬಿಡುವುದಿಲ್ಲ. ಹಾಗಾಗಿ ನಾನು ಮಲಗುವ ಕೋಣೆಯಲ್ಲಿ ಕೈಗನ್ನಡಿ ಹಿಡಿದು ತಲೆ ಬಾಚಿಕೊಳ್ಳುತ್ತೇನೆ, ಷೆಲ್ಫಿನ ಡಬ್ಬಿ ತೆಗೆಯಲು ಮೂರು ಕಾಲಿನ ಒಂದು ಮರದ ಸ್ಟೂಲ್ ಕೊಂಡಿದ್ದೇನೆ. ನಿನ್ನ ಅಳಿಯ ಅದಕ್ಕೆ "ನಿನ್ನ ಸಿಂಹಾಸನ" ಎಂದು ಹೆಸರಿಟ್ಟಿದ್ದಾರೆ. ಅನ್ನ ಬಸಿಯುವಾಗ ನನ್ನ ಹಿಂದೆ ನಿಂತು ಗಲ್ಲವನ್ನು ನನ್ನ ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಾರೆ ಅಮ್ಮಾ. ಮೇಜಿನ ಮೇಲೆ ಇಟ್ಟುಕೊಂಡ ಹಾಗೆ! (ಅಪ್ಪನಿಗೆ ಇದನ್ನು ಓದಬೇಡ.)

ಈಗ ಸುದ್ದಿ. ನಾಡಿದ್ದು ಶುಕ್ರವಾರ ಹನ್ನೊಂದು ಗಂಟೆಗೆ ಟಿವಿ ಹಾಕಿಕೊಂಡು ಕೂತುಕೊಳ್ಳಿ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ. ಯಾಕೆ ಎಂದು ನೀನು ಕೇಳಿದರೂ ಹೇಳಲಿಲ್ಲ. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಶನಿವಾರವಾಗಿರುತ್ತದೆ, ಈಗ ಬರೆದರೆ ತಪ್ಪಿಲ್ಲ. ನಮ್ಮ ದುಂಡಕ್ಕನ ಗಾಳಿಯಲ್ಲಿ ಜೀವದ ಸುಳಿವು ಸಿಕ್ಕಿದೆ ಎಂದು ದೊಡ್ಡ ಮೇಡಂ ಲೋಕಕ್ಕೆಲ್ಲ ಹೇಳಲಿದ್ದಾರೆ.

ಅಪ್ಪ ಆಗಲೇ "ಅಲ್ಲಿ ಜನ ಇದ್ದಾರಾ?" ಎಂದಿರುತ್ತಾರೆ. ಇಲ್ಲಪ್ಪಾ. ದುಂಡಕ್ಕ ಎಂದರೆ ಗ್ರಹ. ಅದಕ್ಕೆ ಸರಿಯಾದ ಹೆಸರು ಬರೀ ಅಂಕಿಸಂಖ್ಯೆ. ಭೂಮಿಗಿಂತ ಎರಡು ಪಟ್ಟು ದಪ್ಪ, ವಯಸ್ಸಿನಲ್ಲೂ ದೊಡ್ಡವಳು, ಅದಕ್ಕೆ ನಮ್ಮ ಸಂಸ್ಥೆಯಲ್ಲಿ ಎಲ್ಲರಿಗೂ ಅವಳು ದುಂಡಕ್ಕ. ಅವಳು ಇಪ್ಪತ್ತಾರು ದಿನಕ್ಕೊಮ್ಮೆ ತನ್ನ ನಕ್ಷತ್ರದ ಮುಂದೆ ಹಾಯುತ್ತಾಳೆ. ಆಗ ನಕ್ಷತ್ರದ ಬೆಳಕಿನ ಒಂದು ಎಳೆ ಅವಳ ಸುತ್ತಲಿನ ಗಾಳಿಯ ಅಂಚನ್ನು ತೂರಿಕೊಂಡು ನಮ್ಮ ದೂರದರ್ಶಕಕ್ಕೆ ಬಂದು ಬೀಳುತ್ತದೆ. ಒಂದೊಂದು ಅನಿಲಕ್ಕೂ ಒಂದೊಂದು ಬಣ್ಣದ ಚಪಲ, ದಾರಿಯಲ್ಲಿ ಅದನ್ನು ಬೆಳಕಿನಿಂದ ಕದ್ದುಕೊಳ್ಳುತ್ತದೆ. ಬೆಳಕನ್ನು ಒಂದು ಗೆರೆಯಾಗಿ ಬರೆದುಕೊಂಡರೆ ಕದ್ದ ಕಡೆ ಒಂದು ತಗ್ಗು ಕಾಣುತ್ತದೆ. ತಗ್ಗು ಎಲ್ಲಿದೆ ಎಂದು ನೋಡಿ ಕಳ್ಳ ಯಾರು ಎಂದು ಹೇಳುವುದು ನಮ್ಮ ಕೆಲಸ. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆಯ ನೀರಿನ ಬಣ್ಣ ನೋಡಿ ಸಕ್ಕರೆ ಎಷ್ಟಿದೆ ಎಂದು ಹೇಳುತ್ತಿದ್ದ ಹಾಗೆಯೇ.

ಈ ಸಲದ ಕಳ್ಳ ಗಂಧಕದ ಒಂದು ಅನಿಲ. ನಮ್ಮ ಭೂಮಿಯಲ್ಲಿ ಅದನ್ನು ಮಾಡುವುದು ಸಮುದ್ರದಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಕಡಲ ದಂಡೆಯಲ್ಲಿ ಮೂಗಿಗೆ ಬರುತ್ತದಲ್ಲ, ಆ ವಾಸನೆ ಅದರದೇ. ದೊಡ್ಡ ಮೇಡಂ ಎಂದರೆ ನಮ್ಮ ಮುಖ್ಯಸ್ಥೆ, ಇಪ್ಪತ್ತೆರಡು ವರ್ಷದಿಂದ ಬೇರೆ ಬೇರೆ ಗ್ರಹಗಳಲ್ಲಿ ಇದೊಂದನ್ನೇ ಹುಡುಕುತ್ತಿದ್ದಾರೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಾರೆ, ಲಿಫ್ಟ್ ಹತ್ತಿ ಎಂದರೆ "ಅದಕ್ಕೂ ವಯಸ್ಸಾಗಿದೆ, ನನ್ನನ್ನೂ ಹೊರಬೇಕಾ ಪಾಪ" ಎನ್ನುತ್ತಾರೆ.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ದೂರದರ್ಶಕದಿಂದ ಬಂದ ಹಸಿ ಮಾಹಿತಿಯನ್ನು ಎರಡು ತಂಡಕ್ಕೆ ಕೊಡುತ್ತಾರೆ. ಅದರಲ್ಲಿ ಕಸ ಬಹಳ, ಕೆಟ್ಟ ಪಿಕ್ಸೆಲ್‌ಗಳು, ನಕ್ಷತ್ರದ್ದೇ ಕಲೆಗಳು, ಯಂತ್ರದ ನಡುಕ. ಅಕ್ಕಿ ಆರಿಸಿದ ಹಾಗೆ ಆರಿಸಬೇಕು, ಆರಿಸುವಾಗ ಕೈ ತಪ್ಪುವುದು ಸುಲಭ. ಅದಕ್ಕೇ ಮೂರನೇ ಮಹಡಿಯ ತಂಡ ಬೇರೆ, ಕೆಳಮಹಡಿಯ ತಂಡ ಬೇರೆ. ಒಬ್ಬರ ಗೆರೆ ಇನ್ನೊಬ್ಬರು ನೋಡುವ ಹಾಗಿಲ್ಲ. ಕ್ಯಾಂಟೀನಿನಲ್ಲಿ ಕೂಡ ನಮ್ಮದು ಒಂದು ಗಂಟೆಗೆ, ಅವರದು ಎರಡಕ್ಕೆ. ಕೊನೆಗೆ ಎರಡು ತಂಡವೂ ತಮ್ಮ ತಮ್ಮ ಗೆರೆಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಡಬೇಕು. ಎಲ್ಲರ ಎದುರಿಗೆ ಎರಡನ್ನೂ ಒಟ್ಟಿಗೆ ಒಡೆಯುತ್ತಾರೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಅದು ಮಾತು.

ನಾನು ಮೂರನೇ ಮಹಡಿ. ನಿನ್ನ ಅಳಿಯ ಕೆಳಮಹಡಿ. ಮದುವೆ ಕಾಗದ ಹಿಡಿದುಕೊಂಡು ಹೋದ ದಿನ ದೊಡ್ಡ ಮೇಡಂ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ತುಂಬಾ ಸಂತೋಷ ಕಣ್ರಪ್ಪಾ. ಮನೇಲಿ ಏನ್ ಬೇಕಾದ್ರೂ ಜಗಳ ಆಡಿ, ದುಂಡಕ್ಕನ ಹೆಸರು ಮಾತ್ರ ಎತ್ತಬೇಡಿ" ಎಂದು ಸಹಿ ಹಾಕಿಸಿಕೊಂಡಿದ್ದರು. ನಾವು ಅದಕ್ಕೆ ಮನೆಯಲ್ಲಿ ನಮ್ಮದೇ ಕಾನೂನು ಮಾಡಿಕೊಂಡೆವು. ಯಾರು ದುಂಡಕ್ಕ ಎನ್ನುತ್ತಾರೋ ಅವರದು ಆ ದಿನದ ಪಾತ್ರೆ.

ಹೋದ ಶುಕ್ರವಾರ ಲಕೋಟೆ ಒಡೆದರು. ಅಮ್ಮಾ, ಎರಡು ಗೆರೆ, ಎರಡರಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು! ಮೇಡಂ ಎರಡು ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು, ಆಮೇಲೆ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾವೆಲ್ಲ ಚಪ್ಪಾಳೆ ಹೊಡೆದು ಕೂಗಿದ್ದಕ್ಕೆ ಕೆಳಗಿನ ಕಾವಲುಗಾರ ಬೆಂಕಿ ಬಿತ್ತೆಂದು ಮೇಲೆ ಓಡಿ ಬಂದ. ಮೇಡಂ ಮೇಜಿನ ಮೇಲೆ ಒಂದು ಸಣ್ಣ ಬಾಟಲಿಯಲ್ಲಿ ಸಮುದ್ರದ ನೀರು ಇಟ್ಟಿದ್ದಾರೆ, ಕೆಲಸಕ್ಕೆ ಸೇರಿದ ವರ್ಷ ತುಂಬಿಸಿದ್ದಂತೆ. ಅವತ್ತು ಮೊದಲ ಸಲ ಅದರ ಮುಚ್ಚಳ ತೆಗೆದು, "ಮೂಸಿ ನೋಡಿ, ದುಂಡಕ್ಕನ ಉಸಿರು ಹೀಗೇ ಇರುತ್ತೆ" ಎಂದು ಎಲ್ಲರ ಮೂಗಿಗೂ ಹಿಡಿದರು. ಮೊದಲು ಮೂಸಿದವರು "ಆಹಾ, ಕಡಲು!" ಎಂದರು. ಆಮೇಲೆ ಎಲ್ಲರೂ "ಆಹಾ" ಎಂದರು. ನಾನೂ ಎಂದೆ.

ಅಪ್ಪನ ಪಾಲು ಇಲ್ಲಿಗೆ ಮುಗಿಯಿತು. ಅವರನ್ನು ವಾಕಿಂಗ್‌ಗೆ ಕಳಿಸಿ, ಬಾಗಿಲು ಹಾಕಿಕೊಂಡು ಮುಂದೆ ಓದು.

ಆ ಬಾಟಲಿಯಲ್ಲಿ ಕಡಲ ವಾಸನೆ ಇರಲಿಲ್ಲ ಅಮ್ಮ. ಅಷ್ಟು ವರ್ಷ ಮುಚ್ಚಿಟ್ಟ ನೀರು, ಕೊಳೆತ ವಾಸನೆ ಬರುತ್ತಿತ್ತು. ಆದರೆ ಮೊದಲನೆಯವರು ಕಡಲು ಎಂದಾಗಿತ್ತಲ್ಲ. ನನ್ನ ಮೂಗೂ ಕ್ಷಣಕಾಲ ಹೌದೆಂದೇ ಹೇಳಿತು. ಐದು ದಿನದಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ.

ಫೋನ್ ಯಾಕೆ ಮಾಡಲಿಲ್ಲ ಎಂದರೆ, ನನ್ನ ಮೊದಲ "ಹಲೋ"ದಲ್ಲೇ ನೀನು ಹಿಡಿದುಬಿಡುತ್ತೀಯ. ಹಿಡಿದ ಮೇಲೆ ಏನು ಮಾಡಬೇಕೆಂದು ಹೇಳಿಬಿಡುತ್ತೀಯ. ನಾನು ನೀನು ಹೇಳಿದ್ದನ್ನೇ ಮಾಡುತ್ತೇನೆ, ಆಮೇಲೆ ಜೀವನವಿಡೀ ಅಮ್ಮ ಹೇಳಿದಳು, ಮಾಡಿದೆ ಎನ್ನುತ್ತೇನೆ. ಇದು ಹಾಗಾಗಬಾರದು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನೀನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದೆ, ನೆನಪಿದೆಯಾ? ನಿಮ್ಮ ಲ್ಯಾಬಿನಲ್ಲೂ ಒಂದು ಸ್ಲೈಡನ್ನು ಇಬ್ಬರು ಓದಬೇಕು, ಮೊದಲನೆಯವರು ಬರೆದ ಚೀಟಿ ಮಡಿಸಿಡಬೇಕು. ಅವತ್ತು ನಿನ್ನ ಸೀನಿಯರ್ ಚೀಟಿ ಮಡಿಸಲು ಮರೆತಿದ್ದರು. "ಏನೂ ಇಲ್ಲ" ಎಂದು ಬರೆದಿದ್ದು ನಿನ್ನ ಕಣ್ಣಿಗೆ ಬಿತ್ತು. ಆಮೇಲೆ ನೀನು ನೋಡಿದೆ, ನಿನಗೂ ಏನೂ ಕಾಣಲಿಲ್ಲ. "ಕಾಣಲಿಲ್ವೋ, ಕಾಣಲ್ಲ ಅಂತ ಅಂದ್ಕೊಂಡು ನೋಡಿದ್ನೋ" ಎಂದು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಅದೇ ಚಪ್ಪಲಿಯಲ್ಲಿ ವಾಪಸ್ ಹೋಗಿ ಮೂರನೆಯವರಿಂದ ಓದಿಸಿ ಬಂದೆ. ಅವರು ಏನು ಓದಿದರೆಂದು ನಾನು ಕೇಳಲೇ ಇಲ್ಲ. ಹಸಿವಾಗಿತ್ತು, ನೀನು ಬಂದಿದ್ದೇ ಸಾಕಿತ್ತು.

ಈಗ ನನ್ನದು ಹೇಳುತ್ತೇನೆ.

ಲಕೋಟೆ ಒಡೆದ ಮೇಲೆ ಎರಡು ತಂಡದ ದಾಖಲೆಗಳನ್ನೂ ಎಲ್ಲರಿಗೂ ತೆರೆದಿಟ್ಟರು. ಯಾರು ಯಾವ ದಿನ ಯಾವ ಕಸ ಬಿಸಾಕಿದರು, ಯಾಕೆ, ಎಲ್ಲ ಅದರಲ್ಲಿರುತ್ತದೆ. ಭಾನುವಾರ ನಾನು ನಿನ್ನ ಅಳಿಯನ ದಾಖಲೆ ತೆಗೆದುಕೊಂಡು ಮಂಚದ ಮೇಲೆ ಹೊಟ್ಟೆಯಡಿ ದಿಂಬಿಟ್ಟು ಬಿದ್ದುಕೊಂಡೆ. ಹೊಸ ಹೆಂಡತಿಯರು ಗಂಡನ ಬಾಲ್ಯದ ಫೋಟೋ ಆಲ್ಬಂ ನೋಡುತ್ತಾರಲ್ಲ, ಅಷ್ಟೇ ಖುಷಿಯಲ್ಲಿ! ಅವರ ಗೆರೆಯದು ಒಟ್ಟು ತೊಂಬತ್ತಮೂರು ಆವೃತ್ತಿ. ಒಂದರಿಂದ ಅರವತ್ತೊಂದರವರೆಗೆ ಆ ಜಾಗದಲ್ಲಿ ಗೆರೆ ಸಪಾಟು. ತಗ್ಗು ಇಲ್ಲ. ಏನೂ ಇಲ್ಲ. ಅರವತ್ತೆರಡನೆಯದರಲ್ಲಿ ಅವರು ಹನ್ನೊಂದು ಪಿಕ್ಸೆಲ್‌ಗಳನ್ನು ಕೆಟ್ಟವು ಎಂದು ಬರೆದು ತೆಗೆದಿದ್ದಾರೆ. ಅಲ್ಲಿ ತಗ್ಗು ಬಂದಿದೆ.

ಆವೃತ್ತಿಯ ದಿನಾಂಕ ಹೋದ ತಿಂಗಳ ಹದಿಮೂರು, ಮಧ್ಯಾಹ್ನ.

ಹನ್ನೆರಡರ ಬೆಳಿಗ್ಗೆ ನಾನು ಒಂದು ಕೆಲಸ ಮಾಡಿದ್ದೆ. ಆ ವಾರ ನಮ್ಮ ತಂಡಕ್ಕೆ ತಗ್ಗು ಸಿಕ್ಕಿತ್ತು. ಯಾರಿಗೂ ಹೇಳುವ ಹಾಗಿಲ್ಲ. ನನ್ನಂಥವಳ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಬಿಸಿನೀರಿನ ಸ್ನಾನ ಮುಗಿಸಿದೆ, ಬಚ್ಚಲಿನ ಕನ್ನಡಿಯ ತುಂಬಾ ಆವಿ. ಹಲ್ಲುಜ್ಜುತ್ತಾ, ಏನೂ ಯೋಚಿಸದೆ, ಕೈಗೆ ಸಿಕ್ಕ ಕಡೆ ಬೆರಳಿನಿಂದ ಗೀಚಿದೆ. ಆ ಗೆರೆ, ಆ ತಗ್ಗು, ತಗ್ಗಿನ ಪಕ್ಕ ಒಂದು ನಗುಮುಖ. ಅದೊಂದು ಹುಡುಗಾಟ. ಆವಿ ಆರಿದರೆ ಹೋಗುತ್ತದೆ ಎಂದುಕೊಂಡು ಹೊರಗೆ ಬಂದೆ. ಗಡ್ಡ ಬೋಳಿಸಲು ನಿನ್ನ ಅಳಿಯ ಒಳಗೆ ಹೋದರು. ಹೋಗಿ ತುಂಬಾ ಹೊತ್ತಾಯಿತು. ಹೊರಗೆ ಬಂದು ಟವೆಲಿನಿಂದ ಕಿವಿ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಇವತ್ತು ಪಾತ್ರೆ ನಿನ್ನದು" ಎಂದರು. ಇಬ್ಬರೂ ನಕ್ಕೆವು. ನಾನು ತಿಕ್ಕಿದೆ. ಅಷ್ಟೇ ನಡೆದದ್ದು. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ.

ಸೋಮವಾರ ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದೆವು. "ದುಂಡಕ್ಕನ ಅರವತ್ತೆರಡನೇ ವರ್ಶನ್ ನೋಡ್ದೆ" ಎಂದೆ.

"ಪಾತ್ರೆ ನಿಂದು" ಎಂದ, ಅಭ್ಯಾಸಬಲದಿಂದ. ನಾನು ನಗಲಿಲ್ಲ.

"ಆ ಹನ್ನೊಂದು ಯಾಕೆ ತೆಗ್ದೆ?"

"ಕೆಟ್ಟಿದ್ವು, ತೆಗ್ದೆ. ಬೇಕಾದ್ರೆ ನೀನೇ ನೋಡು."

"ನೋಡ್ದೆ. ಕೆಟ್ಟಿರೋದು ನಿಜ. ಆದ್ರೆ ಅಂಥವು ಇನ್ನೂ ನೂರಿವೆ. ಅವನ್ನ ಯಾಕೆ ಬಿಟ್ಟೆ?"

ಅವನ ಕೈಯಲ್ಲಿ ಒದ್ದೆ ಅಂಗಿ, ಬಾಯಲ್ಲಿ ಆಗಷ್ಟೇ ಕಚ್ಚಿಕೊಂಡ ಕ್ಲಿಪ್ಪು. ಕ್ಲಿಪ್ಪು ತೆಗೆಯಲು ಎಷ್ಟು ಹೊತ್ತು ತೆಗೆದುಕೊಂಡ ಗೊತ್ತಾ? ಅಂಗಿಯ ನೀರೆಲ್ಲ ಅವನ ಪಾದದ ಮೇಲೆ ಸುರಿಯಿತು.

"ಆ ಜಾಗದಲ್ಲಿ ಏನೋ ಇರ್ಬೇಕು ಅನ್ನಿಸ್ತು ಕಣೇ. ಹುಡುಕ್ತಾ ಹೋದೆ, ಸಿಕ್ತು. ಸುಳ್ಳು ಲೆಕ್ಕ ಒಂದೂ ಹಾಕಿಲ್ಲ, ನಿನ್ನಾಣೆ. ಆದ್ರೆ ಅಲ್ಲೇ ಯಾಕೆ ಹುಡುಕ್ದೆ ಅಂತ ಮಾತ್ರ ಕೇಳ್ಬೇಡ."

ನೋಡು, "ಅವನು" ಜಾರಿತು. ಇನ್ನು ತಿದ್ದುವುದಿಲ್ಲ ಅಮ್ಮ, ಈ ಮಾತನ್ನೆಲ್ಲ "ಅವರು" ಎಂದು ಬರೆಯಲು ನನ್ನಿಂದಾಗುವುದಿಲ್ಲ.

ನಿನ್ನೆ ಇಡೀ ದಿನ ನಾನು ಮೂರನೇ ಮಹಡಿಯಲ್ಲಿ ಕೂತು, ಅದೇ ಅಳತೆಗೋಲಿನಲ್ಲಿ ಆ ನೂರು ಪಿಕ್ಸೆಲ್‌ಗಳನ್ನೂ ತೆಗೆದು ಅವನ ಗೆರೆಯನ್ನು ಮತ್ತೆ ಎಳೆದೆ. ತಗ್ಗು ಅರ್ಧ ಉಳಿಯಿತು. ಇದೆ ಎನ್ನುವ ಹಾಗೂ ಇಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ನನ್ನ ಲಕೋಟೆಯ ತಗ್ಗು ನಮ್ಮ ತಂಡದ ಕೈಗುಣವೂ ಆಗಿರಬಹುದು. ಅದಕ್ಕೇ ತಾನೇ ಎರಡನೆಯ ಲಕೋಟೆ ಇರುವುದು? ಈಗ ಎರಡನೆಯ ಲಕೋಟೆಯೇ ಇಲ್ಲ. ಒಂದೇ ಲಕೋಟೆ ಎರಡು ಸಲ ಒಡೆದಿದ್ದಾರೆ. ಇದು ಗೊತ್ತಿರುವುದು ಲೋಕದಲ್ಲಿ ಇಬ್ಬರಿಗೆ, ಆ ಇಬ್ಬರೂ ಒಂದೇ ಹೊದಿಕೆಯಡಿ ಮಲಗುತ್ತಾರೆ.

ಬೇರೆ ಯಾರಾದರೂ ಪತ್ತೆ ಹಚ್ಚುತ್ತಾರಾ? ಇಲ್ಲ. ದಿನಾಂಕ ಎಲ್ಲರಿಗೂ ಕಾಣುತ್ತದೆ, ಕನ್ನಡಿ ಯಾರಿಗೂ ಕಾಣುವುದಿಲ್ಲ.

ಹೇಳಿದರೆ ಏನಾಗುತ್ತದೆ ಎಂದು ಕೇಳು. ಶುಕ್ರವಾರದ್ದು ರದ್ದಾಗುತ್ತದೆ. ಬೇರೆ ಕಡೆಯಿಂದ ಮೂರನೆಯ ತಂಡ ಕರೆಸಿ ಮೊದಲಿನಿಂದ ಆರಿಸಲು ಎಂಟು ತಿಂಗಳು. ಮೇಡಂಗೆ ಉಳಿದಿರುವುದು ನಾಲ್ಕು. ಅವನ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವ ಕಾಗದ ಮೇಡಂ ಮೇಜಿನ ಮೇಲಿದೆ, ಸಹಿ ಒಂದೇ ಬಾಕಿ. ಹೀಗಾಯಿತು ಎಂದು ಗೊತ್ತಾದರೆ ಇಲ್ಲಿ ಮಾತ್ರವಲ್ಲ, ಎಲ್ಲೂ ಅವನನ್ನು ಒಂದು ಗೆರೆ ಎಳೆಯಲು ಬಿಡುವುದಿಲ್ಲ. ಆರನೇ ಕ್ಲಾಸಿನಿಂದ ಅವನಿಗೆ ಬೇರೆ ಆಸೆ ಇಲ್ಲ ಅಮ್ಮ. ಹೇಳದಿದ್ದರೆ? ಶುಕ್ರವಾರ ಮೇಡಂ ಮೈಕಿನ ಮುಂದೆ "ಎರಡು ತಂಡಗಳು, ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ" ಎನ್ನುತ್ತಾರೆ. ನಾನು ಅವರ ಹಿಂದೆ ಎರಡನೇ ಸಾಲಿನಲ್ಲಿ ಹೊಸ ಸೀರೆ ಉಟ್ಟು ನಗುತ್ತಾ ನಿಂತಿರುತ್ತೇನೆ. ಬೇರೆ ಬೇರೆ ದೇಶದವರು ದೂರದರ್ಶಕವನ್ನು ದುಂಡಕ್ಕನ ಕಡೆಗೇ ತಿರುಗಿಸುತ್ತಾರೆ. ಎಲ್ಲಿ ನೋಡಬೇಕೆಂದು ಅವರಿಗೂ ಮೊದಲೇ ಗೊತ್ತಿರುತ್ತದೆ.

ಈಗ ಅವನು ಮನೆಯಲ್ಲಿಲ್ಲ. ಶುಕ್ರವಾರಕ್ಕೆ ಮುಂಚೆ ಸ್ವಲ್ಪ ನಿದ್ದೆ ಮಾಡಿ ಎಂದು ಇಬ್ಬರಿಗೂ ಇವತ್ತು ರಜೆ ಕೊಟ್ಟಿದ್ದಾರೆ. ಕಟಿಂಗ್ ಮಾಡಿಸಿಕೊಂಡು ಬರುತ್ತೇನೆ ಎಂದು ಹೋಗಿದ್ದಾನೆ. ಬಾಗಿಲ ಬಳಿ ನಿಂತು, "ಏನು ತೀರ್ಮಾನ ಮಾಡ್ದೆ?" ಎಂದು ಕೇಳಿದ. "ನೀನು?" ಎಂದೆ. ಸೋಮವಾರದಿಂದ ನಮ್ಮಿಬ್ಬರ ಮಾತು ಇಷ್ಟೇ. ಅವನ ಗಲ್ಲ ನನ್ನ ನೆತ್ತಿಗೆ ತಾಗಿ ಎರಡು ದಿನವಾಯಿತು. ನಿಂತುಕೊಂಡೇ ಊಟ ಮಾಡುತ್ತಾನೆ, ನಾನು ತಟ್ಟೆ ತೊಳೆಯುವ ಮೊದಲೇ ತೊಳೆದುಬಿಡುತ್ತಾನೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಂದ. ನಿಲ್ಲಿಸುತ್ತೇನೆ.

ಸಂಜೆ ಆರೂವರೆ

ಅಮ್ಮಾ, ಕಟಿಂಗ್ ಎಷ್ಟು ಕೆಟ್ಟದಾಗಿದೆ ಎಂದರೆ ಬಾಗಿಲು ತೆರೆದವಳು ಎರಡು ದಿನದ ಮೇಲೆ ಮೊದಲ ಸಲ ನಕ್ಕುಬಿಟ್ಟೆ. ಕಿವಿ ಎರಡೂ ತೆರೆದ ಕಿಟಕಿ ಬಾಗಿಲಿನ ಹಾಗೆ ಆಚೆಗೆ ನಿಂತಿವೆ. "ಟಿವಿಗೆ ಅಂದೆ, ಆತ ಮಿಲಿಟರಿಗೆ ಅಂದ್ಕೊಂಡ" ಎಂದ. ನಕ್ಕು ನಕ್ಕು ನನಗೆ ಅಳು ಬಂತು, ಅಥವಾ ಮೊದಲಿನಿಂದಲೂ ಅಳುವೇ ಇತ್ತೋ ಏನೋ. ಅವನು ಎದುರಿನ ಕುರ್ಚಿಯಲ್ಲಿ ಕೂತ. ಈ ಹಾಳೆಗಳ ಮೇಲೆ ನಾನು ಕೈಯಿಟ್ಟೆ.

"ಯಾರಿಗೆ?"

"ಅಮ್ಮನಿಗೆ."

"ಎಲ್ಲಾ ಬರೆದ್ಯಾ?"

"ಎಲ್ಲಾ."

ತಲೆಯಾಡಿಸಿದ. ಕತ್ತಿನ ಮೇಲೆ ಅಂಟಿದ್ದ ಕೂದಲನ್ನು ಒಂದೊಂದೇ ತೆಗೆಯುತ್ತಾ ಹೇಳಿದ: "ಆ ಕುರ್ಚೀಲಿ ಕೂತಿದ್ನಲ್ಲ, ಎದುರಿಗೆ ಅಷ್ಟು ದೊಡ್ಡ ಕನ್ನಡಿ. ಇಪ್ಪತ್ತು ನಿಮಿಷ ನನ್ನ ಮುಖ ನಾನೇ ನೋಡ್ಕೊಂಡು ಕೂರ್ಬೇಕಾಯ್ತು. ಸಾಕಾಯ್ತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ಸಿಗ್ತಾರೆ, ಕೇಳಿ ಬಂದಿದೀನಿ. ಇಬ್ರೂ ಹೋಗೋಣ."

ಹಾಳೆಗಳ ಮೇಲಿನ ಕೈ ತೆಗೆದೆ. ಆದರೆ ಅವನ ಮಾತು ಮುಗಿದಿರಲಿಲ್ಲ.

"ಮಾತಾಡೋದು ಮಾತ್ರ ನಾನು. ನಿನ್ನ ನೋಟ್‌ಬುಕ್ ಮೇಜಿನ ಮೇಲೆ ಇತ್ತು, ನೀನು ಸ್ನಾನಕ್ಕೆ ಹೋದಾಗ ಕದ್ದು ನೋಡ್ದೆ ಅಂತೀನಿ."

"ನೀನು ಎಲ್ಲಿ ನೋಡ್ದೆ? ನೋಟ್‌ಬುಕ್ ನಾನು ಮನೆಗೇ ತರಲ್ಲ. ಕನ್ನಡಿ..."

"ಯಾವ ಕನ್ನಡಿ? ನಂಗೊತ್ತಿಲ್ಲ."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ವೇ. ನೋಡು, ನನ್ನದು ಹೇಗೂ ತಿಂಗಳ ಕೊನೆಗೆ ಮುಗಿಯೋ ಕೆಲಸ. ನಿನ್ನದು ಕಾಯಂ. ಇಬ್ರಲ್ಲಿ ಒಬ್ರಾದ್ರೂ ದುಂಡಕ್ಕನ ಹತ್ರ ಇರ್ಬೇಕು. ನಿನ್ನ ಲಕೋಟೆ ಸಾಚಾ ಅಂತ ಉಳಿದ್ರೆ, ಎಂಟು ತಿಂಗಳಾದ್ಮೇಲಾದ್ರೂ ಅದಕ್ಕೊಂದು ಬೆಲೆ ಇರತ್ತೆ. ಇಬ್ರೂ ಮುಳುಗಿದ್ರೆ ಯಾರಿಗೇನು ಬಂತು?"

ನಾನು ಏನು ಹೇಳಬೇಕಿತ್ತು ಎಂದು ನಿನಗೆ ಗೊತ್ತು. ನನಗೂ ಗೊತ್ತು. ಆದರೆ ಸುಮ್ಮನೆ ಕೂತಿದ್ದೆ ಅಮ್ಮ. ನಿನ್ನ ಗಿಲಕಿ, ಒಂದು ನಿಮಿಷ ಬಾಯಿ ಮುಚ್ಚದವಳು, ಆಗ ಒಂದೇ ಒಂದು ಮಾತೂ ಆಡಲಿಲ್ಲ. ಒಳಗೊಳಗೇ ಎಲ್ಲೋ ಹಾಯೆನಿಸಿತು ಕೂಡ. ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ. ಅವನು ಎದ್ದು ಬಂದು ನನ್ನ ನೆತ್ತಿಯ ಮೇಲೆ ಗಲ್ಲ ಇಟ್ಟ. ಕತ್ತರಿಸಿದ ಕೂದಲು ನನ್ನ ಕುತ್ತಿಗೆಯೊಳಗೆಲ್ಲ ಬಿದ್ದು ಈಗಲೂ ಚುಚ್ಚುತ್ತಿದೆ.

ಈಗ ಅವನು ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದಾನೆ, ಶಿಳ್ಳೆ ಹಾಕುತ್ತಿದ್ದಾನೆ. ತೀರ್ಮಾನ ಮಾಡಿದವನ ಶಿಳ್ಳೆ. ದುಂಡಕ್ಕನ ಮೇಲೆ ಜೀವ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ, ನಾವು ಇವತ್ತು ಹೇಳಿದರೂ ಎಂಟು ತಿಂಗಳ ಮೇಲೆ ಹೇಳಿದರೂ ಅವಳು ಉಸಿರಾಡುತ್ತಲೇ ಇರುತ್ತಾಳೆ. ಈ ಮನೆಯಲ್ಲಿ ನಾನು ಹೇಗೆ ಉಸಿರಾಡುವುದು ಎನ್ನುವುದೇ ಸದ್ಯಕ್ಕೆ ನನ್ನ ಚಿಂತೆ.

ಅಂಚೆ ಡಬ್ಬಿ ಬೀದಿಯ ತುದಿಯಲ್ಲಿದೆ, ಏಳು ಗಂಟೆಗೆ ತೆಗೆಯುತ್ತಾರೆ. ಓಡಿಹೋಗಿ ಹಾಕಿ ಬರುತ್ತೇನೆ. ಶುಕ್ರವಾರ ಟಿವಿಯಲ್ಲಿ ನಾವು ಯಾಕೆ ಕಾಣಲಿಲ್ಲ ಎಂದು ಅಪ್ಪ ಕೇಳಿದರೆ ಏನೋ ಅಡಚಣೆಯಾಯಿತಂತೆ ಎಂದು ಹೇಳು. ಉಳಿದದ್ದನ್ನು ನಾನೇ ಬಂದು ಹೇಳುತ್ತೇನೆ. ಅಳಿಯನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಒಂದೇ ಆಫೀಸಿನವರು ಬೇಡ ಎಂದು ಮೊದಲೇ ಹೇಳಿದ್ದೆ ಅನ್ನಬೇಡ. ಅನ್ನಲೇಬೇಕಾದರೆ ನನ್ನನ್ನು ಅನ್ನು.

ನಿನ್ನ ಮಡಿಲಲ್ಲಿ ತಲೆಯಿಡಬೇಕೆನಿಸಿದೆ,
ನಿನ್ನ ಗಿಲಕಿ

ಮ.ಬಿ.: ಲಕೋಟೆ ಅಂಟಿಸುವ ಮೊದಲು ಒಂದು ಸಲ ಓದಿದೆ. "ಕೈಗೆ ಸಿಕ್ಕ ಕಡೆ ಗೀಚಿದೆ" ಎಂದು ಬರೆದಿದ್ದೇನೆ. ಆ ಕನ್ನಡಿಯಲ್ಲಿ ಕೆಳಗಿನ ಅಂಚು ಬಿಟ್ಟರೆ ಬೇರೇನೂ ನನ್ನ ಕೈಗೆ ಸಿಗುವುದಿಲ್ಲ ಎಂದೂ ನಾನೇ ಬರೆದಿದ್ದೇನೆ. ನೀನು ಇಷ್ಟು ಹೊತ್ತಿಗೆ ಅದನ್ನು ಹಿಡಿದಿರುತ್ತೀಯ. ಹನ್ನೊಂದರ ಸಂಜೆ ಅವನು ಕೆಲಸದಿಂದ ಬಂದು ಷೂ ಬಿಚ್ಚದೆ ಮಂಚದ ತುದಿಯಲ್ಲಿ ಕೂತಿದ್ದ. ಕೆಳಮಹಡಿಗೆ ಏನೂ ಸಿಕ್ಕಿಲ್ಲ ಎಂದು ಆ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಿಂದ ಸ್ಟೂಲ್ ತಂದು, ಹತ್ತಿ ನಿಂತು, ಅವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಆ ಗೆರೆ ಬರೆದೆ. ಇಳಿದು ಸ್ಟೂಲನ್ನು ಅಲ್ಲೇ ಮರೆತು ಬಂದೆ. ಮಧ್ಯಾಹ್ನ ಆಫೀಸಿನಲ್ಲಿ ಅದು ನೆನಪಾಯಿತು. ಸಂಜೆ ಬಂದು ನೋಡಿದರೆ ಅದು ಅಡುಗೆಮನೆಯಲ್ಲಿ, ಷೆಲ್ಫಿನ ಕೆಳಗೆ, ತನ್ನ ಜಾಗದಲ್ಲಿತ್ತು. ನಾನು ಇಟ್ಟಿರಲಿಲ್ಲ. ಈ ಮನೆಯಲ್ಲಿ ಇರುವುದು ಇಬ್ಬರೇ. ಅವತ್ತಿನಿಂದ ಇವತ್ತಿನವರೆಗೆ ಅವನು ಸ್ಟೂಲಿನ ಮಾತು ಎತ್ತಿಲ್ಲ, ನಾಳೆಯೂ ಎತ್ತುವುದಿಲ್ಲ. ಹತ್ತು ಗಂಟೆಗೆ, ಅವನು ಬಾಯಿ ತೆರೆಯುವ ಮೊದಲು, ನಾನು ಸ್ಟೂಲಿನಿಂದಲೇ ಶುರುಮಾಡುತ್ತೇನೆ.